ಹಳಿ ಕಿತ್ತ ಜಾಗದಲ್ಲಿ ಹುಟ್ಟಿದ ದಾರಿ



ನಗರದಲ್ಲಿ ನಡೆಯುವವರಿಗೂ ಸೈಕಲ್ ತುಳಿಯುವವರಿಗೂ ದಾರಿ ಮಾಡಿಕೊಡುವುದೆಂದರೆ ರಸ್ತೆಯ ಅಂಚಿನಲ್ಲಿ ಬಣ್ಣದ ಗೆರೆ ಎಳೆಯುವುದೆಂದೇ ಬಹುತೇಕ ನಗರಸಭೆಗಳು ತಿಳಿದಿವೆ. ಮರುದಿನ ಆ ಗೆರೆಯ ಮೇಲೆ ಕಾರು ನಿಂತಿರುತ್ತದೆ. ಇಂಗ್ಲೆಂಡಿನ ಪಶ್ಚಿಮ ಭಾಗದಲ್ಲಿರುವ ಬ್ರಿಸ್ಟಲ್ ನಗರದ ಕಥೆ ಬೇರೆ. ಆ ನಗರದ ಒಳಗಿನಿಂದ ಹೊರಟು ನೆರೆಯ ಬಾತ್ ನಗರವನ್ನು ಮುಟ್ಟುವ ಸುಮಾರು 21 ಕಿಲೋಮೀಟರ್ ಉದ್ದದ ದಾರಿಯೊಂದಿದೆ. ಅದರ ಮೇಲೆ ಮೋಟಾರು ವಾಹನಗಳ ಓಡಾಟವಿಲ್ಲ. ಅದನ್ನು ಕಟ್ಟಲು ಮೊದಲು ಕೈಹಾಕಿದವರು ಅಧಿಕಾರಿಗಳಲ್ಲ, ಊರಿನ ಕೆಲವು ಸೈಕಲ್ ಸವಾರರು.

ಈ ದಾರಿಯ ನೆಲ ಮೂಲತಃ ರೈಲಿನದು. ಬಾತ್ ನಗರಕ್ಕೆ ಹೋಗುವ ಈ ಶಾಖಾ ಮಾರ್ಗ 1869ರಲ್ಲಿ ತೆರೆದಿತ್ತು. 1963ರಲ್ಲಿ ಬ್ರಿಟಿಷ್ ರೈಲ್ವೆ ಮಂಡಳಿಯ ಅಧ್ಯಕ್ಷ ರಿಚರ್ಡ್ ಬೀಚಿಂಗ್ ಸಲ್ಲಿಸಿದ ವರದಿಯು ನಷ್ಟದ ಹೆಸರಿನಲ್ಲಿ ಸುಮಾರು 8,000 ಕಿಲೋಮೀಟರ್ ಮಾರ್ಗವನ್ನೂ 2,363 ನಿಲ್ದಾಣಗಳನ್ನೂ ಮುಚ್ಚಬೇಕೆಂದು ಸೂಚಿಸಿತು. 1966ರಲ್ಲಿ ಈ ಮಾರ್ಗದಲ್ಲಿ ಪ್ರಯಾಣಿಕರ ರೈಲು ನಿಂತಿತು. ಕೆಲವೇ ವರ್ಷಗಳಲ್ಲಿ ಸರಕಿನ ಗಾಡಿಯೂ ನಿಂತು ಹಳಿಗಳು ಹೋದವು. ಉಳಿದದ್ದು ಮಣ್ಣಿನ ಏರಿ, ಗುಡ್ಡ ಕಡಿದ ಕಣಿವೆ, ಸೇತುವೆಗಳು, ಒಂದು ಸುರಂಗ ಮತ್ತು ಮುಳ್ಳುಪೊದೆ.

ಈ ಪಾಳುಭೂಮಿಯ ಬೆಲೆ ಮಲೆನಾಡಿನವರಿಗೆ ಬೇಗ ಅರ್ಥವಾದೀತು. ಘಟ್ಟದ ರಸ್ತೆಯಲ್ಲಿ ಸೈಕಲ್ ತಳ್ಳಿದವರಿಗೆ ಏರು ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಉಗಿಬಂಡಿ ಕಡಿದಾದ ಏರನ್ನು ಹತ್ತಲಾರದು. ಆದ್ದರಿಂದ ಅಂದಿನ ಎಂಜಿನಿಯರರು ದಿಣ್ಣೆಯನ್ನು ಕಡಿದು, ತಗ್ಗನ್ನು ತುಂಬಿ, ಇಳಿಜಾರನ್ನು ಹದಕ್ಕೆ ತಂದಿದ್ದರು. ಉಗಿಬಂಡಿಗೆಂದು ಸವರಿದ ಆ ನೆಲ ನೂರು ವರ್ಷಗಳ ನಂತರ ಶಾಲೆಯ ಮಗುವಿನ ಕಾಲಿಗೂ ಮುದುಕರ ಮೊಣಕಾಲಿಗೂ ಒಗ್ಗಿತು. ಊರಿನ ಎಷ್ಟೋ ರಸ್ತೆಗಳನ್ನು ರೈಲು ಮೇಲಿನಿಂದಲೋ ಕೆಳಗಿನಿಂದಲೋ ದಾಟುತ್ತಿದ್ದುದರಿಂದ ವಾಹನಗಳಿಗಾಗಿ ಕಾಯಬೇಕಾದ ಕೂಡುರಸ್ತೆಗಳೂ ಕಡಿಮೆ. ಹೀಗೆ ತುಂಡಾಗದ ಪಟ್ಟಿಯನ್ನು ನಗರದ ನಡುವೆ ಹೊಸದಾಗಿ ಕೊಳ್ಳುವುದು ಹೆಚ್ಚುಕಡಿಮೆ ಅಸಾಧ್ಯ. ನಡುವೆ ಒಂದೇ ಒಂದು ನಿವೇಶನ ಮಾರಾಟವಾದರೂ ಸಾಕು, ಉಳಿದ ಉದ್ದಕ್ಕೆಲ್ಲ ದಾರಿಯೆಂಬ ಹೆಸರು ತಪ್ಪುತ್ತದೆ. ಊರ ಕಾಲುದಾರಿಗೆ ಬೇಲಿ ಬಿದ್ದುದನ್ನು ಕಂಡವರಿಗೆ ಇದು ಹೊಸ ಮಾತಲ್ಲ.

1977ರಲ್ಲಿ ಬ್ರಿಸ್ಟಲ್‌ನಲ್ಲಿ 'ಸೈಕಲ್‌ಬ್ಯಾಗ್' ಎಂಬ ಪುಟ್ಟ ಸಂಘ ಹುಟ್ಟಿತು. ಸಿವಿಲ್ ಎಂಜಿನಿಯರ್ ಜಾನ್ ಗ್ರಿಮ್‌ಶಾ ಅದರ ಮುಂದಾಳುಗಳಲ್ಲಿ ಒಬ್ಬರು. ಮನವಿಪತ್ರ ಬರೆದು ಕಾಯುತ್ತಾ ಕೂರುವುದು ಅವರ ಕ್ರಮವಾಗಿರಲಿಲ್ಲ. 1979ರಲ್ಲಿ ಬಾತ್ ಕಡೆಯಿಂದ ಬಿಟ್ಟನ್ ಗ್ರಾಮದವರೆಗಿನ ಸುಮಾರು 8 ಕಿಲೋಮೀಟರ್ ದಾರಿಯನ್ನು ಸ್ವಯಂಸೇವಕರು ಶ್ರಮದಾನದಿಂದ ಸಿದ್ಧಪಡಿಸಿದರು. ಹೊಲ, ಹೊಳೆಗಳ ನಡುವೆ ಸಾಗುವ ಈ ಭಾಗದಿಂದ ಆರಂಭಿಸಿದ್ದು ಜಾಣತನವೇ ಸರಿ. ಜನ ಬಳಸುತ್ತಿರುವ ದಾರಿಯನ್ನು ಮುಂದುವರಿಸುವುದಿಲ್ಲವೆಂದು ಹೇಳುವುದು ಯಾವ ಆಡಳಿತಕ್ಕೂ ಕಷ್ಟ. ಸಂಘವು 1983ರಲ್ಲಿ 'ಸಸ್ಟ್ರಾನ್ಸ್' ಎಂಬ ಸಂಸ್ಥೆಯಾಯಿತು. ನಿರುದ್ಯೋಗ ಹೆಚ್ಚಿದ್ದ ಆ ದಶಕದಲ್ಲಿ ಸರ್ಕಾರದ ಉದ್ಯೋಗ ಯೋಜನೆಯ ಕೆಲಸಗಾರರೂ ಕೈಗೂಡಿಸಿದರು. ಸ್ಟೇಪಲ್ ಹಿಲ್‌ನ 471 ಮೀಟರ್ ಸುರಂಗವನ್ನೂ ಒಳಗೊಂಡು, 1986ರ ವೇಳೆಗೆ ದಾರಿ ನಗರದ ನಡುಭಾಗದ ಸಮೀಪಕ್ಕೆ ಬಂದು ಮುಟ್ಟಿತು. 1995ರಲ್ಲಿ ಲಾಟರಿ ನಿಧಿಯಿಂದ 4.25 ಕೋಟಿ ಪೌಂಡು ದೊರೆತು, ದೇಶವ್ಯಾಪಿ ಸೈಕಲ್ ಜಾಲಕ್ಕೆ ಚಾಲನೆ ಸಿಕ್ಕಿದ್ದು ಇದೇ ಸಂಸ್ಥೆಯ ಮೂಲಕ.

ಆದರೆ ದಾರಿಗೆ ನಿಜವಾದ ಗಂಡಾಂತರ ಬಂದದ್ದು 2008ರಲ್ಲಿ. ನಗರದೊಳಗಿನ ಭಾಗದ ಮೇಲೆ ವೇಗದ ಬಸ್ಸುಗಳ ಮಾರ್ಗ ಹಾಕುವ ಪ್ರಸ್ತಾವ ಎದ್ದಿತು. ಕಾರ್ಖಾನೆಯೋ ಅಣೆಕಟ್ಟೋ ಆಗಿದ್ದರೆ ವಿರೋಧಿಸುವುದು ಸುಲಭ. ಬಸ್ಸು ಬಡವರ ವಾಹನ, ಪರಿಸರಕ್ಕೂ ಹಿತ. ಹಾಗಿದ್ದರೂ ಸಾವಿರಾರು ಮಂದಿ ಪ್ರತಿಭಟಿಸಿದರು. ಅವರ ಕಡೆ ನ್ಯಾಯವಿತ್ತು. ಕಾರುಗಳ ರಸ್ತೆಯಲ್ಲಿ ಒಂದು ಸಾಲನ್ನು ಬಸ್ಸಿಗೆ ಬಿಡಿಸಿಕೊಡುವ ಧೈರ್ಯ ಸಾಲದೆ, ಕಾಲ್ನಡಿಗೆಯವರ ನೆಲವನ್ನು ಕಿತ್ತು ಕೊಡುವುದು ಯಾವ ಹಸಿರು ನೀತಿ? ಪ್ರಸ್ತಾವವನ್ನು ಅದೇ ವರ್ಷ ಬದಿಗಿಡಲಾಯಿತು.

ಹಾಗೆಂದು ದಾರಿಯಲ್ಲಿ ಎಲ್ಲವೂ ನೆಟ್ಟಗಿದೆ ಎನ್ನುವಂತಿಲ್ಲ. ಅಗಲ ಸುಮಾರು 3 ಮೀಟರ್. ಕೆಲಸಕ್ಕೆ ಧಾವಿಸುವ ಸೈಕಲ್ ಸವಾರನೂ ಮೊಮ್ಮಗುವಿನ ಕೈಹಿಡಿದ ಅಜ್ಜಿಯೂ ಅಷ್ಟರಲ್ಲೇ ಸಾಗಬೇಕು. ಬಳಸುವವರು ಹೆಚ್ಚಿದಷ್ಟೂ ಈ ತಿಕ್ಕಾಟ ಹೆಚ್ಚು. ಅಗಲಿಸಲು ಹೊರಟರೆ ಪಕ್ಕದ ಪೊದೆಸಾಲು ಹೋಗುತ್ತದೆ. ಹಕ್ಕಿಗೂ ದುಂಬಿಗೂ ನಗರದೊಳಕ್ಕೆ ಬರಲು ಇರುವ ಓಣಿ ಆ ಪೊದೆಸಾಲೇ. ಹಾಗೆಯೇ ಬಿಟ್ಟರೆ ಮುಳ್ಳುಬಳ್ಳಿ ದಾರಿಯನ್ನೇ ನುಂಗುತ್ತದೆ. ತೋಟದ ಬೇಲಿಯಂತೆ ಇದನ್ನೂ ಕಾಲಕಾಲಕ್ಕೆ ಸವರುತ್ತಲೇ ಇರಬೇಕು. ಉದ್ಘಾಟನೆಗೆ ಹಣ ಕೊಡುವವರು ಈ ಸವರುವ ಕೂಲಿಗೆ ಕೊಡುವುದು ಅಪರೂಪ.

ಬೆಳಕಿನದೂ ಇಂಥದ್ದೇ ತೊಡಕು. ಸಂಜೆಯ ನಂತರ ಒಂಟಿ ಹೆಣ್ಣುಮಗಳು ನಿರ್ಭಯವಾಗಿ ಸಾಗಲು ದೀಪ ಬೇಕು. ಬಾವಲಿಗೆ ಕತ್ತಲೆ ಬೇಕು. ಬಾತ್ ನಗರದಲ್ಲೇ 2013ರಲ್ಲಿ ಮತ್ತೊಂದು ಹಳೆಯ ರೈಲುಮಾರ್ಗ ನಡಿಗೆಗೂ ಸೈಕಲ್ಲಿಗೂ ತೆರೆಯಿತು. ಅದರ ಕೂಂಬ್ ಡೌನ್ ಸುರಂಗದ ಉದ್ದ 1,672 ಮೀಟರ್, ಆ ಗುಡ್ಡವೋ ಬಾವಲಿಗಳ ಹೆಸರಾಂತ ನೆಲೆ. ಅಲ್ಲಿ ಹಗಲು, ಸಂಜೆ ದೀಪ ಉರಿಸಿ ತಡರಾತ್ರಿ ಆರಿಸುತ್ತಾರೆ.