ವಾರಕ್ಕೊಮ್ಮೆಯ ಗುಳಿಗೆ: ಮಿಥೋಟ್ರೆಕ್ಸೇಟ್

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಭಾಗದ ಕ್ಯಾನ್ಸರ್ ರೋಗಿಗಳು ಚಿಕಿತ್ಸೆಗಾಗಿ ಹುಬ್ಬಳ್ಳಿಗೆ ಹೋಗುತ್ತಾರೆ. ಕೆಲವರು ನವನಗರದ ಕ್ಯಾನ್ಸರ್ ಆಸ್ಪತ್ರೆಗೆ, ಕೆಲವರು ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆಗೆ. ಮರಳಿ ಬರುವಾಗ ಕೈಯಲ್ಲಿ ಗುಳಿಗೆಗಳ ಚೀಟಿ ಇರುತ್ತದೆ. ಅಲ್ಲಿಂದ ಮುಂದೆ ಔಷಧದ ಜವಾಬ್ದಾರಿ ಮನೆಯವರದು. ಅಂಥ ಒಂದು ಔಷಧ ಮಿಥೋಟ್ರೆಕ್ಸೇಟ್. ಇಂದು ಅದರ ಬಗ್ಗೆ ತಿಳಿದುಕೊಳ್ಳೋಣ.

ಜೀವಕೋಶ ಒಡೆದು ಎರಡಾಗಬೇಕಾದರೆ ಫೋಲಿಕ್ ಆಮ್ಲವೆಂಬ ಜೀವಸತ್ವ ಬೇಕು. ನಾವು ತಿನ್ನುವ ಸೊಪ್ಪು, ಕಾಳುಗಳಲ್ಲಿ ಅದು ಇದೆ. ಮಿಥೋಟ್ರೆಕ್ಸೇಟ್ ಈ ಜೀವಸತ್ವದ ಕೆಲಸಕ್ಕೆ ಅಡ್ಡಬರುತ್ತದೆ. ಬೇಗ ಬೇಗ ಬೆಳೆಯುವ ಕ್ಯಾನ್ಸರ್ ಕೋಶ ಆಗ ಸೊರಗುತ್ತದೆ. ಈ ಬಗೆಯ ಔಷಧಗಳನ್ನು ರೂಪಿಸಿದ ತಂಡದ ಮುಂದಾಳು ನಮ್ಮ ದೇಶದವರೇ. ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಈ ಕೆಲಸ ಮಾಡಿದರು. ಇದೇ ಗುಂಪಿನ ಅಮಿನೋಪ್ಟೆರಿನ್ ಬಳಸಿ ಡಾ. ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರಿನ ಮಕ್ಕಳಿಗೆ ತಾತ್ಕಾಲಿಕ ಉಪಶಮನ ದೊರಕಿಸಿದ್ದು 1948ರಲ್ಲಿ ಪ್ರಕಟವಾಯಿತು.

ಇಂದು ಮಿಥೋಟ್ರೆಕ್ಸೇಟ್ ಮಕ್ಕಳ ರಕ್ತ ಕ್ಯಾನ್ಸರ್, ಎಲುಬಿನ ಕ್ಯಾನ್ಸರ್, ಬಾಯಿ–ಗಂಟಲಿನ ಕ್ಯಾನ್ಸರ್ ಚಿಕಿತ್ಸೆಯಲ್ಲಿದೆ. ಕಡಿಮೆ ಪ್ರಮಾಣದಲ್ಲಿ ಸಂಧಿವಾತಕ್ಕೂ ಸೋರಿಯಾಸಿಸ್‌ಗೂ ಕೊಡುತ್ತಾರೆ. ಹೆಚ್ಚಿನ ಪ್ರಮಾಣವನ್ನು ಆಸ್ಪತ್ರೆಯಲ್ಲಿಯೇ ಕೊಟ್ಟು, ರಕ್ತದಲ್ಲಿ ಅದರ ಮಟ್ಟವನ್ನು ಅಳೆಯುತ್ತಾರೆ. ಮನೆಯಲ್ಲಿ ಗುಳಿಗೆ ನುಂಗುವವರಿಗೆ ಸಾಮಾನ್ಯವಾಗಿ ಹೇಳುವುದು ವಾರಕ್ಕೊಮ್ಮೆ ಮಾತ್ರ.

ದೊಡ್ಡ ಅಪಾಯ ಇರುವುದು ಇಲ್ಲಿಯೇ. ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆಗಳಂತೆ ಇದನ್ನೂ ದಿನಾ ನುಂಗಿದರೆ ಕೆಲವೇ ದಿನಗಳಲ್ಲಿ ಅಸ್ಥಿಮಜ್ಜೆ ಕುಗ್ಗುತ್ತದೆ, ರಕ್ತಕಣಗಳು ಇಳಿಯುತ್ತವೆ. ಜೀವವೇ ಹೋಗಬಹುದು. ಆದ್ದರಿಂದ ಒಂದು ವಾರವನ್ನು ಗೊತ್ತುಮಾಡಿ ಚೀಟಿಯ ಮೇಲೆ ದೊಡ್ಡದಾಗಿ ಬರೆಸಿಕೊಳ್ಳಿ. ಓದು ಬಾರದ ಹಿರಿಯರಿಗೆ ಊರಿನ ಸಂತೆಯ ದಿನವೇ ಗುಳಿಗೆಯ ದಿನವೆಂದು ಹೇಳಿದರೆ ನೆನಪಿರುತ್ತದೆ. ಒಂದು ವಾರ ತಪ್ಪಿತೆಂದು ಮುಂದಿನ ವಾರ ಎರಡು ಪಾಲು ನುಂಗಬಾರದು. ವೈದ್ಯರನ್ನು ಕೇಳಬೇಕು.

ಹೆಸರಿನ ಗೊಂದಲವೂ ಉಂಟು. ಫೋಲಿಟ್ರಾಕ್ಸ್ ಎಂದರೆ ಮಿಥೋಟ್ರೆಕ್ಸೇಟ್. ಫೋಲ್ವೈಟ್ ಎಂದರೆ ಫೋಲಿಕ್ ಆಮ್ಲ. ಅಡ್ಡಪರಿಣಾಮ ತಗ್ಗಿಸಲು ಅನೇಕರಿಗೆ ಎರಡನ್ನೂ ಬರೆದಿರುತ್ತಾರೆ. ಎರಡೂ ಸಣ್ಣ ಗುಳಿಗೆಗಳೇ. ಅದಲು ಬದಲಾದರೆ ವಾರದ ಗುಳಿಗೆ ದಿನದ ಗುಳಿಗೆಯಾಗುತ್ತದೆ. ಆದ್ದರಿಂದ ಎರಡನ್ನೂ ಬೇರೆ ಬೇರೆ ಡಬ್ಬಿಗಳಲ್ಲಿಡಿ, ಮಕ್ಕಳ ಕೈಗೆ ಸಿಗದಂತಿಡಿ. ಗುಳಿಗೆಯ ಶಕ್ತಿ 2.5 ಮಿಲಿಗ್ರಾಂ, 5, 7.5, 10 ಹೀಗೆ ಬೇರೆ ಬೇರೆ ಇರುತ್ತದೆ. ಅಂಗಡಿಯಲ್ಲಿ ಪ್ರತಿ ಸಲ ಹೆಸರನ್ನೂ ಅಂಕಿಯನ್ನೂ ಹಳೆಯ ಪಟ್ಟಿಯೊಡನೆ ಹೋಲಿಸಿ ನೋಡಿ.

ಈಗ ಇತರ ಔಷಧಗಳ ಮಾತು. ಕಳೆ ತೆಗೆದು ಬೆನ್ನು, ಮೊಣಕಾಲು ನೋಯುವಾಗ ಅಂಗಡಿಯ ನೋವಿನ ಗುಳಿಗೆ ನುಂಗುವುದು ನಮ್ಮಲ್ಲಿ ರೂಢಿ. ಮಿಥೋಟ್ರೆಕ್ಸೇಟ್ ಮೂತ್ರದ ಮೂಲಕ ಹೊರಹೋಗಬೇಕು. ಡೈಕ್ಲೋಫಿನ್ಯಾಕ್, ಐಬುಪ್ರೊಫೇನ್‌ಗಳಂಥವು ಮೂತ್ರಪಿಂಡದ ಕೆಲಸ ತಗ್ಗಿಸಿ ಔಷಧವನ್ನು ಮೈಯಲ್ಲಿಯೇ ಉಳಿಸಬಹುದು. ಮುಂಬಯಿಯ ಟಾಟಾ ಆಸ್ಪತ್ರೆಯವರು ಬಾಯಿ–ಗಂಟಲಿನ ಮುಂದುವರಿದ ಕ್ಯಾನ್ಸರಿಗೆ ವಾರದ ಮಿಥೋಟ್ರೆಕ್ಸೇಟ್ ಜೊತೆ ಸೆಲೆಕಾಕ್ಸಿಬ್ ಎಂಬ ನೋವಿನ ಗುಳಿಗೆಯನ್ನೇ ಕೊಟ್ಟು ಪರೀಕ್ಷಿಸಿ, 2020ರಲ್ಲಿ ಒಳ್ಳೆಯ ಫಲ ಪ್ರಕಟಿಸಿದ್ದಾರೆ. ಆದರೆ ಅದು ಅಳತೆಯಿಂದ, ವೈದ್ಯರ ಕಣ್ಗಾವಲಿನಲ್ಲಿ ಕೊಟ್ಟದ್ದು. ವೈದ್ಯರು ಬರೆದದ್ದನ್ನು ನುಂಗಿ; ನೀವಾಗಿ ಕೂಡಿಸಬೇಡಿ.

ಉರಿಮೂತ್ರಕ್ಕೂ ಭೇದಿಗೂ ಕೊಡುವ ಸೆಪ್ಟ್ರಾನ್ ಕೂಡ ಫೋಲಿಕ್ ಆಮ್ಲಕ್ಕೆ ಅಡ್ಡಬರುವ ಔಷಧ. ಎರಡೂ ಸೇರಿದರೆ ರಕ್ತಕಣಗಳು ಅಪಾಯಕರವಾಗಿ ಇಳಿಯಬಹುದು. ಯಾವ ದವಾಖಾನೆಗೆ ಹೋದರೂ ಮೊದಲು ಮಿಥೋಟ್ರೆಕ್ಸೇಟ್ ನುಂಗುತ್ತಿರುವುದನ್ನು ಹೇಳಿ. ಸೆರೆ ಯಕೃತ್ತಿಗೆ ಇಮ್ಮಡಿ ಪೆಟ್ಟು, ಬಿಡಲೇಬೇಕು. ಬೇಸಿಗೆಯಲ್ಲಿ, ವಾಂತಿ–ಭೇದಿಯಾದಾಗ ಮೈಯ ನೀರು ಬತ್ತಿದರೂ ಔಷಧ ಒಳಗೆ ಉಳಿಯುತ್ತದೆ. ಗರ್ಭಿಣಿಯರೂ ಮೊಲೆಯುಣಿಸುವ ತಾಯಂದಿರೂ ಇದನ್ನು ಸಂಧಿವಾತದಂಥ ರೋಗಗಳಿಗೆ ತೆಗೆದುಕೊಳ್ಳಲೇಬಾರದು. ಮಗು ಬೇಕೆನ್ನುವ ದಂಪತಿಗಳು ಮೊದಲೇ ವೈದ್ಯರಿಗೆ ತಿಳಿಸಬೇಕು.

ರೊಟ್ಟಿ ತಿನ್ನಲಾಗದಷ್ಟು ಬಾಯಿಹುಣ್ಣು, ಜ್ವರ, ವಸಡಿನಲ್ಲಿ ರಕ್ತ, ಕಪ್ಪು ಮಲ, ಹಳದಿ ಕಣ್ಣು, ಒಣಕೆಮ್ಮು, ಏದುಸಿರು ಕಂಡರೆ ಮರುದಿನದವರೆಗೆ ಕಾಯದೆ, ಮುಂದಿನ ಗುಳಿಗೆ ನುಂಗದೆ, ಪಟ್ಟಿ ಹಿಡಿದು ಆಸ್ಪತ್ರೆಗೆ ಹೋಗಿ. ಹೆಚ್ಚು ನುಂಗಿದ್ದು ಗೊತ್ತಾದರೆ, ಲಕ್ಷಣ ಇಲ್ಲದಿದ್ದರೂ ಹೋಗಿ. ಲ್ಯೂಕೋವೊರಿನ್ ಎಂಬ ಪ್ರತ್ಯೌಷಧವಿದೆ. ಬೇಗ ಕೊಟ್ಟಷ್ಟು ಫಲ ಹೆಚ್ಚು.

ಇಷ್ಟೆಲ್ಲ ಕೇಳಿ ಹೆದರಿ ಔಷಧ ಬಿಡಬೇಡಿ. ಸರಿಯಾಗಿ ಬಳಸಿದ ಎಷ್ಟೋ ರೋಗಿಗಳಿಗೆ ಇದು ನೆರವಾಗಿದೆ. ಹೇಳಿದ ದಿನ ರಕ್ತ, ಯಕೃತ್ತು, ಮೂತ್ರಪಿಂಡಗಳ ತಪಾಸಣೆ ಮಾಡಿಸಿ. ವಾರಕ್ಕೊಮ್ಮೆ ಎಂಬ ಮಾತನ್ನು ರೋಗಿಯ ಜೊತೆ ಮನೆಮಂದಿಯೆಲ್ಲ ನೆನಪಿಡಿ.