ನಲ್ಲಿಯ ಹಿಂದಿನ ವಿಜ್ಞಾನ

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಓದಿದ್ದು ಎಂ.ಟೆಕ್., ಕೆಲಸ ಐಟಿಯಲ್ಲಿ. ಇವಳಿಗೂ ಪ್ಲಂಬಿಂಗಿಗೂ ಏನು ಸಂಬಂಧ ಎಂದು ನಿಮಗನ್ನಿಸಬಹುದು. ಪುಣೆಯ ನಮ್ಮ ಸೊಸೈಟಿಯಲ್ಲಿ ನೀರಿನ ವಿಚಾರ ನೋಡಿಕೊಳ್ಳುವ ಸಮಿತಿಯಲ್ಲಿ ನಾನಿದ್ದೇನೆ. ರಿಪೇರಿಗೆ ಬಂದವರು ಬಾಗಿಲಲ್ಲೇ "ಸಾಹೇಬ್ ಆಹೇತ್ ಕಾ?" ಅನ್ನುತ್ತಾರೆ, ಯಜಮಾನರು ಇದ್ದಾರಾ ಅಂತ. ಅಡುಗೆಮನೆ, ಬಚ್ಚಲು ದಿನವಿಡೀ ಬಳಸುವವರು ನಾವು. ಅವು ಕೆಟ್ಟಾಗ ಮಾತಾಡುವವರು ಮಾತ್ರ ಬೇರೆಯವರು!

ಆ ಮಾತುಕತೆ ನಮ್ಮದೂ ಆಗಬೇಕಾದರೆ ವಿಷಯ ಗೊತ್ತಿರಬೇಕು ಎಂದುಕೊಂಡು ಐಟಿಐ ಪ್ಲಂಬರ್ ತರಬೇತಿಯ ಪಠ್ಯಕ್ರಮ ಓದಿದೆ. ಒಂದು ವರ್ಷದ ಕೋರ್ಸು. ಪೈಪ್ ಕತ್ತರಿಸುವುದು, ಜೋಡಿಸುವುದರ ಜೊತೆಗೆ 'ವರ್ಕ್‌ಶಾಪ್ ಕ್ಯಾಲ್ಕುಲೇಷನ್ ಅಂಡ್ ಸೈನ್ಸ್' ಎಂಬ ವಿಷಯವೂ ಇದೆ. ಸಾಂದ್ರತೆ, ಒತ್ತಡ, ಶಾಖ, ಎಲ್ಲವೂ ನಾವು ಹೈಸ್ಕೂಲಿನಲ್ಲಿ ಕಲಿತದ್ದೇ. ಅದರಲ್ಲಿ ಮೂರು ಸಂಗತಿಗಳನ್ನು ಮಾತ್ರ ಇವತ್ತು ಹೇಳುತ್ತೇನೆ.

ಮೊದಲನೆಯದು, ಒತ್ತಡ. ನಿಂತ ನೀರಿನ ಒತ್ತಡ ಅದರ ಎತ್ತರದಿಂದ ಬರುತ್ತದೆ, ಪ್ರಮಾಣದಿಂದಲ್ಲ. 10 ಮೀಟರ್ ಎತ್ತರದ ನೀರು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಭಾರ ಹೇರುತ್ತದೆ. ಟೆರೇಸಿನ ಟಾಕಿಯಿಂದ 3 ಮೀಟರ್ ಕೆಳಗಿರುವ ಮೇಲಿನ ಮಹಡಿಯ ಷವರಿಗೆ ಸಿಗುವುದು ಬರೀ 0.3 ಕೆಜಿ. 24 ಮೀಟರ್ ಕೆಳಗಿನ ನಲ್ಲಿಗೆ 2.4 ಕೆಜಿ. ಮೇಲಿನವರು "ನೀರು ಸಣ್ಣಗೆ ಬರುತ್ತೆ" ಎಂದಾಗ ಸೊಸೈಟಿ ಮೀಟಿಂಗಿನಲ್ಲಿ "ದೊಡ್ಡ ಟಾಕಿ ಕೂರಿಸೋಣ" ಎಂಬ ಸಲಹೆ ಬಂದೇ ಬರುತ್ತದೆ. ಅಗಲವಾದ ಟಾಕಿ ಕೂರಿಸಿದರೆ ನೀರು ಹೆಚ್ಚು ಹೊತ್ತು ಬರುತ್ತದೆ, ಜೋರಾಗಿ ಬರುವುದಿಲ್ಲ. ಟಾಕಿ ಎತ್ತರವಾಗಬೇಕು, ಇಲ್ಲವೇ ಪ್ರೆಷರ್ ಪಂಪ್ ಬೇಕು. ಕಟ್ಟಿಕೊಂಡ ಪೈಪ್ ಇದ್ದರೆ ಅದನ್ನೂ ನೋಡಬೇಕು. ಇಷ್ಟು ತಿಳಿದಿದ್ದರೆ ಎಲ್ಲರ ದುಡ್ಡೂ ಉಳಿಯುತ್ತದೆ.

ಎರಡನೆಯದು, ಟ್ರ್ಯಾಪ್. ಸಿಂಕಿನ ಕೆಳಗಿನ ಪೈಪ್ ಯಾಕೆ ಬಾಗಿರುತ್ತದೆ? ಆ ಬಾಗಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರಬೇಕು. ಚರಂಡಿಯ ಗಾಳಿ ಮನೆಯೊಳಗೆ ಬರದಂತೆ ತಡೆಯುವುದು ಆ ನೀರೇ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕ ಲಂಡನ್ನಿನಲ್ಲಿ ಇಂಥ ಬಾಗು ಪೈಪಿನ ಕಕ್ಕಸಿಗೆ ಪೇಟೆಂಟ್ ಪಡೆದ. ಇಂದಿಗೂ ಅದೇ ಉಪಾಯ.

ಈ ನೀರು ಎರಡು ರೀತಿಯಲ್ಲಿ ಹೋಗಿಬಿಡುತ್ತದೆ. ಒಂದು, ಡ್ರಮ್ಮಿನಿಂದ ಪೈಪ್ ಹಾಕಿ ಬಾಯಲ್ಲಿ ಎಳೆದು ನೀರು ಇಳಿಸುತ್ತೇವಲ್ಲ, ಹಾಗೆ. ಮೇಲಿನ ಮನೆಯಿಂದ ಒಮ್ಮೆಲೇ ನೀರು ರಭಸವಾಗಿ ಇಳಿದರೆ ನಮ್ಮ ಟ್ರ್ಯಾಪಿನ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಗಾಳಿಯಾಡಲು ಟೆರೇಸಿನ ಮೇಲೆ ತೆರೆದ ಪೈಪ್ ನಿಲ್ಲಿಸಿರುತ್ತಾರೆ. "ವಾಸನೆ ಬರುತ್ತೆ" ಎಂದು ಅದರ ಬಾಯಿ ಮುಚ್ಚಿಸಬೇಡಿ. ಇನ್ನೊಂದು, ಒಣಗುವುದು. ಮೇ ತಿಂಗಳಲ್ಲಿ ಮನೆಗೆ ಬೀಗ ಹಾಕಿ ಧಾರವಾಡಕ್ಕೋ ಉಡುಪಿಗೋ ಹೋಗಿ ಬಂದಾಗ ಬಚ್ಚಲು ನಾರುವುದು ಇದರಿಂದಲೇ.

ಇದು ಬರೀ ವಾಸನೆಯ ಮಾತಲ್ಲ. 2003ರಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ಕಾಯಿಲೆ ತಗುಲಿತು. ತನಿಖೆ ನಡೆಸಿದವರು ಬೊಟ್ಟು ಮಾಡಿದ ಕಾರಣಗಳಲ್ಲಿ ಒಂದು, ಬಚ್ಚಲಿನ ನೆಲದ ಒಣಗಿದ ಟ್ರ್ಯಾಪ್. ನೆಲಕ್ಕೆ ನೀರು ಹಾಕದೆ ಬರೀ ಒರೆಸುತ್ತಿದ್ದುದರಿಂದ ಅವು ಒಣಗಿದ್ದವು. ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಚರಂಡಿ ಪೈಪಿನ ಗಾಳಿ ಒಳಕ್ಕೆ ಬರುತ್ತಿತ್ತು. ಬಳಸದ ಬಚ್ಚಲಿಗೆ ವಾರಕ್ಕೊಮ್ಮೆ ಒಂದು ಚೊಂಬು ನೀರು ಸುರಿಯಿರಿ. ಊರಿಗೆ ಹೊರಡುವಾಗ ಆ ನೀರಿನ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಟ್ಟರೆ ಬೇಗ ಆರುವುದಿಲ್ಲ.

ಮೂರನೆಯದು, ಶಾಖ. ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ನಮ್ಮ ಅಜ್ಜಿಯರು ತಾಮ್ರದ ಹಂಡೆಯಲ್ಲಿ ನೀರು ಕಾಯಿಸುತ್ತಿದ್ದರು. ಹಂಡೆಯ ಬಾಯಿ ತೆರೆದಿರುತ್ತಿತ್ತು, ನೀರು ಉಬ್ಬಲು ಜಾಗವಿತ್ತು. ಗೀಸರ್ ಮುಚ್ಚಿದ ಪಾತ್ರೆ. 15 ಲೀಟರ್ ನೀರು 25 ಡಿಗ್ರಿಯಿಂದ 80 ಡಿಗ್ರಿಗೆ ಕಾದರೆ ಸುಮಾರು 400 ಮಿಲಿಲೀಟರ್ ಹಿಗ್ಗುತ್ತದೆ. ನೀರನ್ನು ಒತ್ತಿ ಕುಗ್ಗಿಸಲಾಗುವುದಿಲ್ಲ. ಹೊರಹೋಗಲು ದಾರಿಯಿಲ್ಲದಿದ್ದರೆ ಒಳಗೆ ಒತ್ತಡ ಏರುತ್ತದೆ. ಥರ್ಮೋಸ್ಟಾಟೂ ಕೆಟ್ಟು ನೀರು ಕಾಯುತ್ತಲೇ ಹೋಯಿತೆನ್ನಿ, ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಟ್ಯಾಂಕ್ ಸೀಳಿದ ಗಳಿಗೆಯಲ್ಲಿ ಅದರ ಒಂದು ಭಾಗ ಒಮ್ಮೆಲೇ ಹಬೆಯಾಗುತ್ತದೆ. 1 ಲೀಟರ್ ನೀರು ಹಬೆಯಾದರೆ 1,600 ಲೀಟರಿಗೂ ಹೆಚ್ಚು ಜಾಗ ಕೇಳುತ್ತದೆ. ಗೀಸರ್ ಸ್ಫೋಟವೆಂದರೆ ಇದೇ.

ಇದನ್ನು ತಡೆಯಲು ಗೀಸರಿನ ಕೆಳಗೆ ತಣ್ಣೀರಿನ ಪೈಪಿಗೆ ಒಂದು ಸೇಫ್ಟಿ ವಾಲ್ವ್ ಇರುತ್ತದೆ. ನೀರು ಕಾಯುವಾಗ ಅದರಿಂದ ನಾಲ್ಕು ಹನಿ ತೊಟ್ಟಿಕ್ಕುವುದು ಸಹಜ. "ಲೀಕ್ ಆಗ್ತಿದೆ" ಎಂದು ಎಂ-ಸೀಲ್ ಮೆತ್ತಿಸುವವರಿದ್ದಾರೆ. ಕುಕ್ಕರಿನ ಸೀಟಿ ಬರುವ ತೂತಿಗೆ ಯಾರಾದರೂ ಬಿರಡೆ ಹಾಕುತ್ತಾರಾ? ಇದೂ ಹಾಗೆಯೇ. ಗೀಸರ್ ಆಫ್ ಮಾಡಿ ನೀರು ತಣ್ಣಗಾದ ಮೇಲೂ ತೊಟ್ಟಿಕ್ಕುತ್ತಿದ್ದರೆ ತಿಳಿದವರಿಗೆ ತೋರಿಸಿ, ಬೇಕಾದರೆ ವಾಲ್ವ್ ಬದಲಿಸಿ. ಮುಚ್ಚುವುದು ಮಾತ್ರ ಬೇಡ.

ಇದನ್ನೆಲ್ಲ ಹೇಳಿದ್ದು ನಾವೇ ಸ್ಪ್ಯಾನರ್ ಹಿಡಿಯಬೇಕೆಂದಲ್ಲ. ಹಿಡಿದರೂ ತಪ್ಪಿಲ್ಲ, ಐಟಿಐನ ಈ ತರಬೇತಿಗೆ ಹುಡುಗಿಯರೂ ಸೇರಬಹುದು. ಆದರೆ ಕೆಲಸ ಮಾಡಿಸುವಾಗ "ಇದು ಯಾಕೆ ಹೀಗೆ?" ಎಂದು ಒಮ್ಮೆ ಕೇಳಿ. ಒಳ್ಳೆಯ ಕೆಲಸಗಾರ ಸಂತೋಷದಿಂದ ವಿವರಿಸುತ್ತಾನೆ, ಅವನ ವಿದ್ಯೆಗೂ ಗೌರವ ಸಿಕ್ಕಂತಾಗುತ್ತದೆ. ಅರೆಬರೆ ಕಲಿತವನು ಎಚ್ಚರವಾಗುತ್ತಾನೆ.

ಇವತ್ತು ಮನೆಗೆ ಹೋದಮೇಲೆ ಎರಡು ಕೆಲಸ ಮಾಡಿ. ಗೀಸರಿನ ವಾಲ್ವ್ ತೆರೆದಿದೆಯಾ ನೋಡಿ. ಅತಿಥಿಗಳ ಬಚ್ಚಲಿಗೆ ಒಂದು ಚೊಂಬು ನೀರು ಹಾಕಿ.