ಹೊಟ್ಟೆಯಲ್ಲಿರುವ ಮಗುವಿನ ಮೆದುಳು ಮತ್ತು ಕಂಪ್ಯೂಟರ್ ಕಣ್ಣು
(ಆಲ್ದೂರು ವಲಯದ ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಮಾಹಿತಿ)



ಹೋದ ಸಭೆಯಲ್ಲಿ ಒಬ್ಬರು ಕೇಳಿದ್ರು: "ಸಿಸ್ಟರ್, ಇನ್ನು ಮೇಲೆ ಸ್ಕ್ಯಾನಿಂಗ್ ಕಂಪ್ಯೂಟರೇ ನೋಡುತ್ತಂತೆ, ಡಾಕ್ಟರ್ ಬೇಡವಂತೆ, ಹೌದಾ?" ಇವತ್ತು ಅದರ ಬಗ್ಗೆ ಮಾತಾಡೋಣ.

ಗರ್ಭಿಣಿಗೆ 18ರಿಂದ 20 ವಾರದೊಳಗೆ ಒಂದು ಮುಖ್ಯವಾದ ಸ್ಕ್ಯಾನಿಂಗ್ ಇರುತ್ತದೆ. ಮಗುವಿನ ತಲೆ, ಬೆನ್ನುಮೂಳೆ, ಹೃದಯ ಸರಿಯಾಗಿದೆಯೇ ಎಂದು ಅದರಲ್ಲಿ ನೋಡುತ್ತಾರೆ. ಮೆದುಳಿನೊಳಗೆ ನೀರು ತುಂಬಿದ ಸಣ್ಣ ಕೋಣೆಗಳಿವೆ. ಅವುಗಳ ಅಗಲ 10 ಮಿಲಿಮೀಟರ್‌ಗಿಂತ ಕಡಿಮೆ ಇರಬೇಕು. ಚಿಕ್ಕಮೆದುಳಿನ ಆಕಾರವನ್ನೂ ನೋಡುತ್ತಾರೆ. ಚಿತ್ರವೋ ಮಬ್ಬು, ಮಗುವೋ ಅಲುಗಾಡುತ್ತಿರುತ್ತದೆ. ಆದ್ದರಿಂದ ಅನುಭವ ಇರುವವರಿಗೂ ಕೆಲವೊಮ್ಮೆ ತಪ್ಪಿಹೋಗುತ್ತದೆ.

ಕೃತಕ ಬುದ್ಧಿಮತ್ತೆ, ಅಂದರೆ ಎಐ, ಇಲ್ಲಿ ಸಹಾಯಕ್ಕೆ ಬರುತ್ತದೆ. ಇದು ಸರಿ, ಇದು ಸರಿಯಿಲ್ಲ ಎಂದು ವೈದ್ಯರು ಗುರುತು ಹಾಕಿದ ಸಾವಿರಾರು ಚಿತ್ರಗಳನ್ನು ಕಂಪ್ಯೂಟರಿಗೆ ತೋರಿಸುತ್ತಾರೆ. ಕಾಫಿ ಬೀಜ ಆರಿಸಿ ಆರಿಸಿ ನಿಮ್ಮ ಕಣ್ಣು ಪಳಗಿದ ಹಾಗೆ ಅದೂ ಪಳಗುತ್ತದೆ. 2020ರಲ್ಲಿ ಚೀನಾದ ಸಂಶೋಧಕರು ಹೀಗೆ ಮಾಡಿ ನೋಡಿದಾಗ ನೂರು ಚಿತ್ರಗಳಲ್ಲಿ ಸುಮಾರು 96ನ್ನು ಅದು ಸರಿಯಾಗಿ ಗುರುತಿಸಿತು.

ಆದರೆ ಸಂಘದ ಪುಸ್ತಕ ಬರೆಯುವವರು ನೀವು, ಲೆಕ್ಕ ಹಾಕಿ. ನೂರಕ್ಕೆ 4 ತಪ್ಪಾದರೆ ಸಾವಿರ ಆರೋಗ್ಯವಂತ ಶಿಶುಗಳಲ್ಲಿ 40ಕ್ಕೆ "ದೋಷ ಇದೆ" ಎಂದು ಹೇಳಿಬಿಡುತ್ತದೆ. ನಲವತ್ತು ತಾಯಂದಿರು ಸುಮ್ಮನೆ ಅಳಬೇಕು! ಹಾಗಾಗಿ ಯಂತ್ರ ಕೊಡುವುದು ಸೂಚನೆ ಮಾತ್ರ, ತೀರ್ಪು ಅಲ್ಲ. ಯಾರ ಚಿತ್ರ ನೋಡಿ ಕಲಿತಿದೆ ಎಂಬುದೂ ಮುಖ್ಯ. ಅದಕ್ಕೇ ಐಐಟಿ ಮದ್ರಾಸ್ ಮತ್ತು ಫರೀದಾಬಾದಿನ ವಿಜ್ಞಾನಿಗಳು ನಮ್ಮ ದೇಶದ ತಾಯಂದಿರ ಸ್ಕ್ಯಾನಿಂಗ್‌ನಿಂದಲೇ ಗರ್ಭದ ವಯಸ್ಸು ಲೆಕ್ಕ ಹಾಕುವ ಎಐ ಮಾದರಿಯೊಂದನ್ನು 2024ರಲ್ಲಿ ಪ್ರಕಟಿಸಿದರು.

ನನ್ನ ಹತ್ತಿರ ಬಂದಿದ್ದ ಒಬ್ಬ ಹುಡುಗಿಯನ್ನು ನಾನು ಮರೆತಿಲ್ಲ. ತೋಟದ ಲೈನ್ ಮನೆಯವಳು. ತಲೆಯಲ್ಲಿ ನೀರು ಸ್ವಲ್ಪ ಜಾಸ್ತಿ ಇದೆ ಎಂದು ವರದಿ ಬಂದಿತ್ತು. ಅತ್ತೆ ಬೈದರು, ಗಂಡ ಮಾತು ಬಿಟ್ಟ. ಅವಳು ಕೇಳಿದ್ದು ಒಂದೇ: "ಸಿಸ್ಟರ್, ನಾನೇನು ತಪ್ಪು ಮಾಡಿದೆ?" ಅವಳು ಏನೂ ತಪ್ಪು ಮಾಡಿರಲಿಲ್ಲ. ನಾವಿಬ್ಬರೂ ಚಿಕ್ಕಮಗಳೂರು ಬಸ್ಸು ಹತ್ತಿ ತಜ್ಞರ ಹತ್ತಿರ ಹೋದೆವು. ಬೇರೆ ತೊಂದರೆ ಇಲ್ಲದೆ ನೀರು ಮಾತ್ರ ಸ್ವಲ್ಪ ಹೆಚ್ಚಿದ್ದರೆ ಬಹಳಷ್ಟು ಮಕ್ಕಳು ಚೆನ್ನಾಗಿಯೇ ಬೆಳೆಯುತ್ತಾರೆ ಎಂದು ಅವರು ತಿಳಿಸಿ ಹೇಳಿದರು. ಆ ಮಗು ಈಗ ಶಾಲೆಗೆ ಹೋಗುತ್ತಿದೆ. ಎಲ್ಲರ ಕಥೆಯೂ ಹೀಗೇ ಮುಗಿಯುವುದಿಲ್ಲ, ನಿಜ. ಆದರೆ ಮೊದಲೇ ಗೊತ್ತಾದರೆ ಮಕ್ಕಳ ಶಸ್ತ್ರಚಿಕಿತ್ಸೆ ಇರುವ ದೊಡ್ಡ ಆಸ್ಪತ್ರೆಯಲ್ಲೇ ಹೆರಿಗೆಗೆ ಏರ್ಪಾಡು ಮಾಡಬಹುದು. ದೋಷವಿರುವ ಮಗುವೂ ಮಗುವೇ, ಅದರ ತಾಯಿ ಒಂಟಿಯಾಗಬಾರದು.

ಈಗ ನಾವು ಮಾಡಬೇಕಾದದ್ದು:

1. ಗರ್ಭ ನಿಂತು ಸುಮಾರು 28 ದಿನದೊಳಗೆ ಮಗುವಿನ ಮೆದುಳು-ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ಸಲ ಅಷ್ಟರಲ್ಲಿ ನಮಗೆ ಬಸುರಿ ಎಂದೇ ಗೊತ್ತಿರುವುದಿಲ್ಲ. ಆದ್ದರಿಂದ ಮಗು ಬೇಕೆಂದು ಯೋಚಿಸುವಾಗಲೇ ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಿ. ಹಿಂದೆ ಇಂಥ ಮಗು ಹುಟ್ಟಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ, ಅಂಥವರಿಗೆ ಹೆಚ್ಚಿನ ಪ್ರಮಾಣ ಬೇಕು. ಹೀಗೆ ಕೊಟ್ಟರೆ ಹತ್ತರಲ್ಲಿ ಏಳು ದೋಷಗಳು ಮತ್ತೆ ಬಾರದಂತೆ ತಡೆಯಬಹುದೆಂದು 1991ರಲ್ಲೇ ಸಾಬೀತಾಗಿದೆ.

2. ಕೂಲಿ ತಪ್ಪುತ್ತೆ ಅಂತ ಸ್ಕ್ಯಾನಿಂಗ್ ಮುಂದೂಡಬೇಡಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ. ಬಸ್ ಚಾರ್ಜಿಗೆ ಸಂಘದಿಂದ ಸಣ್ಣ ಸಾಲ ಕೊಡಿ.

3. ವರದಿಯಲ್ಲಿ ದೋಷ ಎಂದಿದ್ದರೆ ಎರಡನೇ ತಜ್ಞರನ್ನು ಕೇಳಿ. "ಯಂತ್ರ ಹೇಳಿತು" ಎಂಬ ಮಾತಿಗೆ ಹೆದರಿ ಯಾವುದಕ್ಕೂ ಅವಸರ ಪಡಬೇಡಿ.

4. ಗಂಡೋ ಹೆಣ್ಣೋ ಎಂದು ಕೇಳಬೇಡಿ, ಕೇಳಿಸಬೇಡಿ. 1994ರ ಕಾಯಿದೆ ಪ್ರಕಾರ ಅದು ಅಪರಾಧ. ಎಐ ಬಂದರೂ ಆ ಕಾನೂನು ಬದಲಾಗಿಲ್ಲ.

ಕಂಪ್ಯೂಟರಿಗೆ ಚಿತ್ರ ನೋಡಲು ಬರುತ್ತದೆ. ಆದರೆ ಅಳುವ ತಾಯಿಯ ಪಕ್ಕ ಕೂತುಕೊಳ್ಳಲು ಅದಕ್ಕೆ ಬರುವುದಿಲ್ಲ. ಆ ಕೆಲಸ ನಮ್ಮದು. ನಿಮ್ಮ ಸಂಘದಲ್ಲಿ ಈಗ ಯಾರು ಗರ್ಭಿಣಿ ಇದ್ದಾರೆ? ಅವರ ಜೊತೆ ಮುಂದಿನ ಸ್ಕ್ಯಾನಿಂಗ್‌ಗೆ ಯಾರು ಹೋಗುತ್ತೀರಿ? ಇವತ್ತೇ ತೀರ್ಮಾನ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ.